ಪಡಿತರ ಚೀಟಿಯ ಮೊದಲ ಹೆಸರು: ಗೃಹಲಕ್ಷ್ಮಿ ಯೋಜನೆಯ ಪ್ರಕರಣ ಅಧ್ಯಯನ

2023ರ ಜೂನ್ 2ರಂದು ಸಿದ್ದರಾಮಯ್ಯ ಸಂಪುಟ ಐದು ಗ್ಯಾರಂಟಿಗಳಿಗೆ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ನಾಲ್ಕಕ್ಕೆ ನೆಲೆ ಮೊದಲೇ ಸಿದ್ಧವಿತ್ತು. ಶಕ್ತಿಗೆ ಬಸ್ಸಿನ ಕಂಡಕ್ಟರ್ ಇದ್ದ, ಅನ್ನಭಾಗ್ಯಕ್ಕೆ ನ್ಯಾಯಬೆಲೆ ಅಂಗಡಿ, ಗೃಹಜ್ಯೋತಿಗೆ ಮನೆ ಗೋಡೆಯ ಮೀಟರ್, ಯುವನಿಧಿಗೆ ವಿಶ್ವವಿದ್ಯಾಲಯಗಳ ಪದವಿ ದಾಖಲೆ. ಗೃಹಲಕ್ಷ್ಮಿಗೆ ಮಾತ್ರ ಇಂಥದ್ದೇನೂ ಇರಲಿಲ್ಲ. ಪ್ರತಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದು ಹೇಳಿಯಾಗಿತ್ತು, ಆದರೆ ಯಜಮಾನಿಯರ ಪಟ್ಟಿ ಯಾವ ಕಚೇರಿಯಲ್ಲೂ ಇರಲಿಲ್ಲ. ಐದರಲ್ಲಿ ಅತಿ ಹೆಚ್ಚು ಹಣ ಬೇಡುವ ಯೋಜನೆಯೂ ಇದೇ.

ಹೊಣೆ ಬಂದದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ. ಸಚಿವೆ ಲಕ್ಷ್ಮೀ ಹೆಬ್ಬಾಳಕರ್, ಬೆಳಗಾವಿ ಗ್ರಾಮಾಂತರದ ಶಾಸಕಿ, ಆ ಸಂಪುಟದ ಏಕೈಕ ಮಹಿಳೆ. ಅಂಗನವಾಡಿ, ಭಾಗ್ಯಲಕ್ಷ್ಮಿ, ಮಾತೃಪೂರ್ಣ, ಸ್ತ್ರೀಶಕ್ತಿ ಗುಂಪುಗಳು ಆ ಇಲಾಖೆಯ ರೂಢಿಯ ಕೆಲಸ. ಕೋಟಿ ಖಾತೆಗಳಿಗೆ ತಿಂಗಳು ತಿಂಗಳು ಹಣ ಹಾಕುವುದು ಅದು ಅಲ್ಲಿಯವರೆಗೆ ಮಾಡಿದ ಕೆಲಸವಲ್ಲ. ಜೂನ್ 15ರಿಂದ ಜುಲೈ 15ರವರೆಗೆ ಅರ್ಜಿ, ಆಗಸ್ಟ್ 15ರಿಂದ ಹಣ ಎಂದು ಮೊದಲು ಘೋಷಣೆಯಾಯಿತು. ನೋಂದಣಿ ನಿಜಕ್ಕೂ ಶುರುವಾದದ್ದು ಜುಲೈ 19ಕ್ಕೆ, ಚಾಲನೆ ಸಿಕ್ಕಿದ್ದು ಆಗಸ್ಟ್ 30ರಂದು ಮೈಸೂರಿನಲ್ಲಿ. ಇಷ್ಟು ದೊಡ್ಡ ಯೋಜನೆಗೆ ಮೂರು ತಿಂಗಳು ಎಂದರೆ ತಡವಲ್ಲ. ಆ ವೇಗ ಬಂದದ್ದು ಒಂದೇ ಒಂದು ತೀರ್ಮಾನದಿಂದ, ಮುಂದಿನ ತೊಡಕುಗಳಲ್ಲಿ ಬಹುಪಾಲು ಹುಟ್ಟಿದ್ದೂ ಅಲ್ಲಿಂದಲೇ.

ಪಟ್ಟಿ ಎಲ್ಲಿಂದ ಬಂತು

ಹೊಸದಾಗಿ ಮನೆಮನೆ ಸಮೀಕ್ಷೆ ಮಾಡದೆ, ಪಡಿತರ ಚೀಟಿಯಲ್ಲಿ ಮೊದಲ ಹೆಸರಾಗಿ ಇರುವ ಹೆಂಗಸೇ ಯಜಮಾನಿ ಎಂದು ಸರ್ಕಾರ ಒಪ್ಪಿಕೊಂಡಿತು. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಬಗೆಯ ಕಾರ್ಡುಗಳು ಲೆಕ್ಕಕ್ಕೆ ಬಂದವು. ಇದಕ್ಕೆ ಕಾನೂನಿನ ಬೆನ್ನೆಲುಬೂ ಇತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಅರ್ಹ ಕುಟುಂಬದಲ್ಲಿ 18 ತುಂಬಿದ ಹೆಂಗಸರ ಪೈಕಿ ಎಲ್ಲರಿಗಿಂತ ಹಿರಿಯಳೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ವಯಸ್ಕ ಹೆಂಗಸು ಇಲ್ಲದೆ ಹುಡುಗಿ ಮಾತ್ರ ಇದ್ದರೆ ಹಿರಿಯ ಗಂಡಸು ಮುಖ್ಯಸ್ಥನಾಗಿರುತ್ತಾನೆ, ಹುಡುಗಿಗೆ 18 ಆದಾಗ ಆ ಸ್ಥಾನ ಅವಳಿಗೆ ಹೋಗಬೇಕು. ಅಕ್ಕಿ ಕೊಡಲು ಬರೆದ ಈ ಒಂದು ಸೆಕ್ಷನ್, ಹತ್ತು ವರ್ಷಗಳ ನಂತರ ದೇಶದ ಅತಿದೊಡ್ಡ ಮಹಿಳಾ ನಗದು ಯೋಜನೆಗಳಲ್ಲೊಂದರ ಅಡಿಪಾಯವಾಯಿತು.

ಲಾಭ ಸ್ಪಷ್ಟ. ಚೀಟಿಗಳಿಗೆ ಆಧಾರ್ ಆಗಲೇ ಜೋಡಣೆಯಾಗಿತ್ತು. ಆದಾಯ ಪ್ರಮಾಣಪತ್ರ, ತಹಶೀಲ್ದಾರರ ಸಹಿ, ಗ್ರಾಮ ಲೆಕ್ಕಿಗರ ವರದಿ ಯಾವುದೂ ಬೇಕಾಗಲಿಲ್ಲ. ಚೀಟಿ ಸಂಖ್ಯೆ, ಯಜಮಾನಿಯ ಮತ್ತು ಗಂಡನ ಆಧಾರ್, ಬೇರೆ ಖಾತೆಗೆ ಹಣ ಬೇಕಿದ್ದರೆ ಅದರ ಪಾಸ್‌ಬುಕ್, ಇಷ್ಟಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಅಥವಾ ಬಾಪೂಜಿ ಸೇವಾ ಕೇಂದ್ರದಲ್ಲಿ ಕೆಲಸ ಮುಗಿಯುತ್ತಿತ್ತು. ಶುರುವಿನಲ್ಲಿ ಯಾವ ಕೇಂದ್ರ, ಯಾವ ದಿನ, ಯಾವ ಹೊತ್ತು ಎಂದು ಎಸ್‌ಎಂಎಸ್ ಬರುವ ವ್ಯವಸ್ಥೆ ಮಾಡಿದ್ದರು. ಮೊಬೈಲ್ ನಂಬರ್ ಬದಲಾದವರಿಗೆ ಸಂದೇಶವೇ ಮುಟ್ಟದೆ, ಬಳಿಕ ಆ ಕಟ್ಟು ಸಡಿಲಿಸಿ ಯಾರು ಯಾವಾಗ ಬಂದರೂ ನೋಂದಾಯಿಸಲು ಬಿಟ್ಟರು. ನೋಂದಣಿ ಉಚಿತ. ದುಡ್ಡು ಕೇಳಿದ ಕೇಂದ್ರಗಳ ಲಾಗಿನ್ ಕಿತ್ತುಹಾಕುವ ಎಚ್ಚರಿಕೆಯನ್ನು ಸಚಿವೆ ಮೊದಲ ವಾರದಲ್ಲೇ ಕೊಡಬೇಕಾಗಿ ಬಂತು.

ನಷ್ಟ ಅಷ್ಟು ಬೇಗ ಕಾಣಲಿಲ್ಲ. ಪಡಿತರ ಚೀಟಿ ಆಹಾರ ಇಲಾಖೆಯದು. ಅದರಲ್ಲಿ ಒಂದಕ್ಷರ ತಿದ್ದುವ ಅಧಿಕಾರವೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಿಲ್ಲ. ಯೋಜನೆಗೆ ಉತ್ತರ ಹೇಳಬೇಕಾದವರು ಒಬ್ಬರು, ಪಟ್ಟಿಯ ಒಡೆಯರು ಇನ್ನೊಬ್ಬರು.

ಅತ್ತೆಯೋ ಸೊಸೆಯೋ

ಜೂನ್ ಮೊದಲ ವಾರದಲ್ಲೇ ಪ್ರಶ್ನೆ ಎದ್ದಿತು: ಮನೆಯಲ್ಲಿ ಅತ್ತೆಯೂ ಸೊಸೆಯೂ ಇದ್ದರೆ ಹಣ ಯಾರಿಗೆ? ಅತ್ತೆಗೆ ಎಂದು ಸಚಿವೆ ಉತ್ತರಿಸಿದರು. ವಾರಗಟ್ಟಲೆ ಅದು ಟಿವಿ ಚಾನೆಲ್ಲುಗಳಿಗೆ ತಮಾಷೆಯ ಸರಕಾಯಿತು. ಉತ್ತರ ಕಾಯ್ದೆಗೆ ಒಪ್ಪುವಂಥದ್ದೇ, ಹಿರಿಯಳೇ ಮುಖ್ಯಸ್ಥೆ. ಆದರೆ ತಮಾಷೆಯ ಅಬ್ಬರದಲ್ಲಿ ಅದರ ಬೆನ್ನಿಗಿದ್ದ ನಿಜವಾದ ಸಮಸ್ಯೆಯನ್ನು ಯಾರೂ ಚರ್ಚಿಸಲಿಲ್ಲ.

ಘಟಕ ಹೆಂಗಸಲ್ಲ, ಕುಟುಂಬ. ಪಶ್ಚಿಮ ಬಂಗಾಳದ 2021ರ ಲಕ್ಷ್ಮೀರ್ ಭಂಡಾರ್ ಯೋಜನೆಯಲ್ಲಿ 25ರಿಂದ 60 ವಯಸ್ಸಿನ ಹೆಂಗಸರು ಒಂದೇ ಮನೆಯಲ್ಲಿ ಇಬ್ಬರಿದ್ದರೂ ಇಬ್ಬರಿಗೂ ಹಣ ಬರುತ್ತದೆ, ಮೊತ್ತ ಮಾತ್ರ ಚಿಕ್ಕದು. ಮಹಾರಾಷ್ಟ್ರದ 2024ರ ಲಾಡ್ಕೀ ಬಹೀಣ್ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ವಿವಾಹಿತೆಯರ ಜೊತೆ ಮನೆಯ ಒಬ್ಬ ಅವಿವಾಹಿತೆಗೂ ಕೊಡುತ್ತದೆ. ತಮಿಳುನಾಡು 2023ರ ಸೆಪ್ಟೆಂಬರ್ 15ಕ್ಕೆ ಶುರುಮಾಡಿದ ಕಲೈಞರ್ ಮಗಳಿರ್ ಉರಿಮೈ ತೊಗೈ ಕರ್ನಾಟಕದಂತೆಯೇ ಮನೆಗೊಬ್ಬಳ ಲೆಕ್ಕ, 1,000 ರೂಪಾಯಿ. ಆದರೆ ಅಲ್ಲಿ ಶೋಧನೆ ಬಿಗಿ: ವರ್ಷದ ಆದಾಯ ಎರಡೂವರೆ ಲಕ್ಷದೊಳಗೆ, ನೀರಾವರಿ ಜಮೀನು 5 ಎಕರೆ ಅಥವಾ ಖುಷ್ಕಿ 10 ಎಕರೆಯೊಳಗೆ, ವಿದ್ಯುತ್ ಬಳಕೆ ವರ್ಷಕ್ಕೆ 3,600 ಯೂನಿಟ್‌ನೊಳಗೆ. ಕರ್ನಾಟಕ ಮೊತ್ತವನ್ನು ದೊಡ್ಡದು ಮಾಡಿ, ಶೋಧನೆಯನ್ನು ಸಡಿಲ ಬಿಟ್ಟು, ಮನೆಗೊಬ್ಬಳು ಎಂದು ಕಟ್ಟಿಹಾಕಿತು.

ಹೀಗೆ ಕಟ್ಟಿದಾಗ ಪೆಟ್ಟು ಬಿದ್ದದ್ದು ಸೊಸೆಯರಿಗಿಂತ ಹೆಚ್ಚಾಗಿ ಗಂಡ ಬಿಟ್ಟವರಿಗೆ. ತವರಿಗೆ ಮರಳಿದ ಹೆಂಗಸಿನ ಆಧಾರ್ ಗಂಡನ ಮನೆಯ ಚೀಟಿಯಲ್ಲೇ ಉಳಿದಿರುತ್ತದೆ. ಅಲ್ಲಿಂದ ಹೆಸರು ಕಿತ್ತ ಹೊರತು ಬೇರೆ ಚೀಟಿಗೆ ಆ ಆಧಾರ್ ಸೇರುವುದಿಲ್ಲ. ಹೆಸರು ಕೀಳಿಸಲು ಹಳೆಯ ಮನೆಯವರ ಮುಲಾಜು ಬೇಕು. ತವರಿನ ಚೀಟಿಗೆ ಸೇರಿದರೂ ಮೊದಲ ಹೆಸರು ಅಮ್ಮನದು ಅಥವಾ ಅತ್ತಿಗೆಯದು. ಅವಳದೇ ಪ್ರತ್ಯೇಕ ಚೀಟಿಗೆ ಅರ್ಜಿ ಹಾಕೋಣವೆಂದರೆ ಹೊಸ ಚೀಟಿ ವಿತರಣೆ ವರ್ಷಗಳಿಂದ ನಿಂತುನಿಂತು ಸಾಗುತ್ತಿತ್ತು. ಮೈದುನನ ಮನೆಯಲ್ಲಿರುವ ವಿಧವೆಗೂ ಇದೇ ಕಥೆ. ಮನೆಯೊಳಗಿನ ಅಸಮಾನತೆಗೆ ಮದ್ದಾಗಿ ಬಂದ ಹಣ, ಮನೆಯೊಳಗೆ ಎಲ್ಲರಿಗಿಂತ ಕೆಳಗಿದ್ದವಳ ಕೈ ತಲುಪಲು ಮನೆಯವರ ಒಪ್ಪಿಗೆಯನ್ನೇ ಕಾಯಬೇಕಾಯಿತು. ಯೋಜನೆಯ ರೂಪುರೇಷೆಯಲ್ಲಿ ಇದು ಅತಿ ದುರ್ಬಲ ಜಾಗ. ಒಂಟಿ ಮಹಿಳೆಯರಿಗೆ ಚೀಟಿ ಆಧಾರವಿಲ್ಲದ ಬೇರೆ ದಾರಿಯೊಂದನ್ನು ಆದೇಶದಲ್ಲೇ ಇಡಬಹುದಿತ್ತು.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಅಂಥ ಒಂದು ಪರ್ಯಾಯ ಆಧಾರ ಒದಗಿತು. ಶಕ್ತಿ ಯೋಜನೆ ಅವರನ್ನು ಮೊದಲ ದಿನವೇ ಒಳಗೊಂಡಿತ್ತು, ಗೃಹಲಕ್ಷ್ಮಿ ಆಮೇಲೆ ವಿಸ್ತರಣೆಯಾಯಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆಯಡಿ ಜಿಲ್ಲಾ ದಂಡಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಅಲ್ಲಿ ಕೆಲಸಕ್ಕೆ ಬರುತ್ತದೆ. ಆ ಪತ್ರ ಮಾಡಿಸದವರು ಹೊರಗುಳಿಯುತ್ತಾರೆ ಎಂಬುದು ಬೇರೆ ಮಾತು.

ತೆರಿಗೆಯ ಜರಡಿ

ಆದಾಯ ಮಿತಿ ಇಲ್ಲ ಎಂದರೂ ಒಂದು ಜರಡಿ ಇದೆ. ಯಜಮಾನಿಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣ ಇಲ್ಲ.

ಸಾಲನ್ನು ಇನ್ನೊಮ್ಮೆ ಓದಿ. ಗಂಡನ ಮಾತಿದೆ, ಮಗನ ಮಾತಿಲ್ಲ. ಎಪಿಎಲ್ ಕಾರ್ಡಿನ ಒಂದು ಮನೆ ಇದೆ ಎನ್ನಿ. ವಿಧವೆ ತಾಯಿ, ಸಾಫ್ಟ್‌ವೇರ್ ಕೆಲಸದ ಮಗ, ಸೊಸೆ. ಮೊದಲ ಹೆಸರು ತಾಯಿಯದಾದರೆ ಮಗ ಎಷ್ಟೇ ತೆರಿಗೆ ಕಟ್ಟಿದರೂ ಹಣ ಬರುತ್ತದೆ. ತಾಯಿ ತೀರಿಕೊಂಡು ಸೊಸೆ ಮೊದಲ ಹೆಸರಾದ ದಿನ ಅದೇ ಮನೆ, ಅದೇ ಆದಾಯ, ಹಣ ಮಾತ್ರ ನಿಲ್ಲುತ್ತದೆ. ತಾಯಿಯ ಕೈಗೆ ಅವಳದೇ ಅನ್ನುವ ಹಣ ಸಿಗಲಿ ಎಂಬ ದೃಷ್ಟಿಯಿಂದ ನೋಡಿದರೆ ಇದನ್ನು ಸಮರ್ಥಿಸಬಹುದು. ಮಗ ಗಳಿಸುತ್ತಾನೆ ಎಂದ ಮಾತ್ರಕ್ಕೆ ಅಮ್ಮನ ಕೈಯಲ್ಲಿ ದುಡ್ಡು ಓಡಾಡುತ್ತದೆ ಎಂದೇನಿಲ್ಲ. ಆದರೆ ಹಾಗಿದ್ದರೆ ಗಂಡನ ಗಳಿಕೆಯನ್ನು ಯಾಕೆ ಎಣಿಸಬೇಕು ಎಂಬ ಪ್ರಶ್ನೆಗೆ ಆದೇಶದಲ್ಲಿ ಉತ್ತರವಿಲ್ಲ.

ಇನ್ನೊಂದು ತೊಡಕು ಪಾವತಿದಾರ ಮತ್ತು ರಿಟರ್ನ್ ಸಲ್ಲಿಸುವವರ ನಡುವಿನದು. ಮನೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಬ್ಯಾಂಕ್ ಕೇಳಿತೆಂದು ಶೂನ್ಯ ತೆರಿಗೆಯ ರಿಟರ್ನ್ ಹಾಕಿದವರು ಸಾವಿರಾರು. ದತ್ತಾಂಶ ತಾಳೆ ಹಾಕುವಾಗ ಇವರು ತೆರಿಗೆದಾರರ ಸಾಲಿಗೆ ಬಿದ್ದರು. ಇಲಾಖೆಯ ತಾಲ್ಲೂಕು ಮಟ್ಟದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಹೋದರೆ ಅಲ್ಲಿನ ಪರದೆಯಲ್ಲಿ ಕಾಣುವುದು ಒಂದು ಗುರುತು ಮಾತ್ರ, ತಿದ್ದುವ ಗುಂಡಿ ಇಲ್ಲ. ತೆರಿಗೆ ಕಟ್ಟಿಲ್ಲವೆಂದು ಸಾಬೀತುಪಡಿಸುವ ದಾಖಲೆ ತಂದುಕೊಟ್ಟರೂ ಅದು ಮೇಲಕ್ಕೆ ಹೋಗಿ ಗುರುತು ಅಳಿಯಲು ತಿಂಗಳುಗಳೇ ಹಿಡಿದವು. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕು ತೆರಿಗೆ ಶೂನ್ಯವಾಗುತ್ತದೆ. ಆದೇಶದ ಮಾತನ್ನು ಅಕ್ಷರಶಃ ಹಿಡಿದರೆ ಆ ಮನೆಗಳ ಯಜಮಾನಿಯರೆಲ್ಲ ಅರ್ಹರಾಗಬೇಕು, ರಿಟರ್ನ್ ಪಟ್ಟಿಯನ್ನು ಹಿಡಿದರೆ ಯಾರೂ ಆಗುವುದಿಲ್ಲ. ಎರಡರ ನಡುವಿನ ಅಂತರ ಸಣ್ಣದಲ್ಲ.

ಹಣ ಬಾರದಿದ್ದರೆ ಎಲ್ಲಿ ಹುಡುಕಬೇಕು

ಎಷ್ಟೋ ಕಡೆ ದೂರು ಬಂದ ಕೂಡಲೇ ಮತ್ತೆ ಅರ್ಜಿ ಹಾಕಿ ಎಂದು ಕಳಿಸಿದ್ದುಂಟು. ಅದರಿಂದ ಏನೂ ಆಗುವುದಿಲ್ಲ. ಸರಪಳಿ ಎಲ್ಲಿ ಕಡಿದಿದೆ ಎಂದು ಮೇಲಿನಿಂದ ನೋಡುತ್ತ ಬರಬೇಕು.

ಮೊದಲು ಚೀಟಿ. ಅದು ಚಾಲ್ತಿಯಲ್ಲಿದೆಯೇ, ಮೊದಲ ಹೆಸರು ಹೆಂಗಸಿನದೇ, ಇ-ಕೆವೈಸಿ ಆಗಿದೆಯೇ ಎಂಬುದನ್ನು ಆಹಾರ ಇಲಾಖೆಯ ಜಾಲತಾಣದಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ನೋಡಬೇಕು. 13ನೇ ಸೆಕ್ಷನ್ ಬಿಪಿಎಲ್ ಮತ್ತು ಅಂತ್ಯೋದಯಕ್ಕೆ ಮಾತ್ರ ಸಲ್ಲುವುದರಿಂದ ಎಪಿಎಲ್ ಕಾರ್ಡುಗಳಲ್ಲಿ ಗಂಡಸರೇ ಮೊದಲಿದ್ದ ಮನೆಗಳು ಹಲವು. 2023ರಲ್ಲಿ ತಿದ್ದುಪಡಿಗೆ ಕೆಲವೇ ದಿನಗಳ ಅವಕಾಶ ಕೊಟ್ಟು ಮುಚ್ಚಿ, ಮತ್ತೆ ಕೊಟ್ಟು ಮುಚ್ಚಿದರು. ಇಡೀ ಜಿಲ್ಲೆ ಒಮ್ಮೆಲೇ ನುಗ್ಗಿ ಸರ್ವರ್ ಕೂತುಬಿಡುತ್ತಿತ್ತು. ಕೂಲಿ ಬಿಟ್ಟು ಎರಡು ಮೂರು ದಿನ ಸಾಲಿನಲ್ಲಿ ನಿಂತ ಹೆಂಗಸರಿಗೆ ಅದರ ಬೆಲೆ ಗೊತ್ತು.

ಇಲ್ಲೊಂದು ಗೊಂದಲ ಬಿಡಿಸಬೇಕು. 2024ರ ನವೆಂಬರ್‌ನಲ್ಲಿ ಅನರ್ಹ ಬಿಪಿಎಲ್ ಕಾರ್ಡುಗಳನ್ನು ಶೋಧಿಸುವಾಗ ಗೃಹಲಕ್ಷ್ಮಿಯೂ ಹೋಗುತ್ತದೆ ಎಂದು ಜನ ಗಾಬರಿಬಿದ್ದರು. ಬಿಪಿಎಲ್ ಹೋಗಿ ಎಪಿಎಲ್ ಆದರೆ ಅಕ್ಕಿ ಹೋಗುತ್ತದೆ, 2,000 ಹೋಗುವುದಿಲ್ಲ. ಚೀಟಿಯೇ ರದ್ದಾದರೆ ಅಥವಾ ತಡೆಹಿಡಿದರೆ ಮಾತ್ರ ಎರಡೂ ನಿಲ್ಲುತ್ತವೆ.

ಚೀಟಿ ಸರಿ ಇದ್ದರೆ ಅರ್ಜಿಯ ಸ್ಥಿತಿ, ಆಮೇಲೆ ತೆರಿಗೆಯ ಗುರುತು. ಅದೂ ಸರಿಯಾಗಿದ್ದರೆ ಬ್ಯಾಂಕು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ಹಂತದಲ್ಲಿ. ಖಾತೆಗೆ ಆಧಾರ್ ಪ್ರತಿ ಕೊಟ್ಟಿದ್ದೇನೆ ಎಂದರೆ ಸಾಲದು. ಆಧಾರ್ ಆಧಾರಿತ ಪಾವತಿ ಹೋಗುವುದು ಎನ್‌ಪಿಸಿಐ ಮ್ಯಾಪರ್‌ನಲ್ಲಿರುವ, ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂದು ರಾಷ್ಟ್ರೀಯ ಪಾವತಿ ನಿಗಮ ಇಟ್ಟಿರುವ ಪಟ್ಟಿಯಲ್ಲಿರುವ ಖಾತೆಗೆ. ಅಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಕೊನೆಗೆ ಜೋಡಿಸಿದ್ದು ಯಾವುದೋ ಅದೇ. ಹೊಸ ಸಿಮ್ ಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದರೆ, ಗ್ರಾಮೀಣ ಬ್ಯಾಂಕಿಗೆ ಬರಬೇಕಿದ್ದ ಹಣ ಆ ಖಾತೆಗೆ ಹೋಗಿ ಕೂತಿರಬಹುದು. ಹಣ ಬಂದಿಲ್ಲ ಎಂದು ಅಲೆದವರಲ್ಲಿ ಕೆಲವರ ಹಣ ಬಂದೇ ಇತ್ತು, ಅವರಿಗೆ ಗೊತ್ತಿಲ್ಲದ ಖಾತೆಗೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂಬುದು ಕಾಣುತ್ತದೆ. ಬದಲಿಸಬೇಕಾದರೆ ಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ ಒಪ್ಪಿಗೆ ಪತ್ರ ಬರೆದುಕೊಡಬೇಕು. ಜನಧನ್ ಖಾತೆಯಲ್ಲಿ ಎರಡು ವರ್ಷ ವ್ಯವಹಾರವೇ ಇರದಿದ್ದರೆ ಅದು ನಿಷ್ಕ್ರಿಯವಾಗಿರುತ್ತದೆ, ಕೆವೈಸಿ ಮಾಡಿಸಿ ಎಬ್ಬಿಸಬೇಕು. ಚೀಟಿಯಲ್ಲಿ ಗಂಡನ ಹೆಸರು ಸೇರಿಸಿ, ಆಧಾರ್‌ನಲ್ಲಿ ಅಪ್ಪನ ಮನೆಯ ಅಡ್ಡಹೆಸರಿನೊಡನೆ ಬರೆದಿರುವುದು ಉತ್ತರ ಕರ್ನಾಟಕದ ಕಡೆ ಸಾಮಾನ್ಯ. ಅಂಥ ಹೆಸರು ಹೊಂದಾಣಿಕೆಯಾಗದಿದ್ದರೂ ಅರ್ಜಿ ಕೂರುತ್ತದೆ. ತಿದ್ದುವಾಗ ಆಧಾರ್ ಮೊದಲು, ಚೀಟಿ ಆಮೇಲೆ.

ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡುವುದು 2023ರ ಜುಲೈಯಲ್ಲೇ, ಅದೇ ಮುಖ್ಯಸ್ಥೆಯ ಖಾತೆಗೆ ಶುರುವಾಗಿತ್ತು. ಬ್ಯಾಂಕ್ ಹಂತದ ಈ ತೊಡಕುಗಳೆಲ್ಲ ಅಲ್ಲೇ ತಲೆಯೆತ್ತಿದ್ದವು. ನಡುವೆ ಸಿಕ್ಕ ಏಳು ವಾರಗಳಲ್ಲಿ ಊರೂರಿನಲ್ಲಿ ಆಧಾರ್ ಜೋಡಣೆಯ ಶಿಬಿರ ನಡೆಸಿದ್ದರೆ ಸೆಪ್ಟೆಂಬರ್‌ನ ನೂಕುನುಗ್ಗಲು ಅರ್ಧಕ್ಕಿಳಿಯುತ್ತಿತ್ತು.

ಹಣ ಖಾತೆಗೆ ಬಂದ ಮೇಲೂ ಒಂದು ಅಡ್ಡಿ. ಕೆಲವು ಬ್ಯಾಂಕುಗಳು ಅದನ್ನು ಹಳೆಯ ಸಾಲಕ್ಕೆ ಮುರಿದುಕೊಳ್ಳುತ್ತಿವೆ ಎಂಬ ದೂರುಗಳು ಬಂದವು, ಹಾಗೆ ಮಾಡಕೂಡದೆಂದು ಸರ್ಕಾರ ಸೂಚಿಸಬೇಕಾಯಿತು.

ಯಜಮಾನಿ ತೀರಿಕೊಂಡರೆ ಹಣ ತಾನಾಗಿ ಸೊಸೆಗೋ ಮಗಳಿಗೋ ವರ್ಗವಾಗುವುದಿಲ್ಲ. ಮರಣ ಪ್ರಮಾಣಪತ್ರ, ಚೀಟಿಯಲ್ಲಿ ಮುಖ್ಯಸ್ಥೆಯ ಬದಲಾವಣೆ, ಆಮೇಲೆ ಹೊಸದಾಗಿ ನೋಂದಣಿ. ಸಾವಿನ ಸುದ್ದಿ ಕೊಡದೆ ಬಂದ ಕಂತುಗಳನ್ನು ಎಟಿಎಂ ಕಾರ್ಡಿನಿಂದ ತೆಗೆದ ಮನೆಗಳಿಗೆ ವಾಪಸು ಕಟ್ಟುವ ತೊಂದರೆ ಕಾದಿರುತ್ತದೆ. ಊರಿನಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದು ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುವಷ್ಟು ಯಾವ ಸರ್ವರ್‌ಗೂ ಗೊತ್ತಿಲ್ಲ. ಮೇಲ್ವಿಚಾರಕಿ, ಸಿಡಿಪಿಒ ಮೂಲಕ ಆ ಮಾಹಿತಿ ಪ್ರತಿ ತಿಂಗಳು ಹರಿಯುವ ಏರ್ಪಾಡು ಮೊದಲೇ ಇದ್ದಿದ್ದರೆ ವಸೂಲಿಯ ಮಾತೇ ಬರುತ್ತಿರಲಿಲ್ಲ. ಆ ಕಾರ್ಯಕರ್ತೆಯ ತಲೆಯ ಮೇಲೆ ಆಗಲೇ ಎಷ್ಟು ರಿಜಿಸ್ಟರುಗಳಿವೆ ಎಂಬುದನ್ನೂ ಮರೆಯುವಂತಿಲ್ಲ.

ಹಣದ ಲೆಕ್ಕ, ಎರಡು ತಿಂಗಳ ಕಥೆ

2023-24ರ ಬಜೆಟ್‌ನಲ್ಲಿ ಇಟ್ಟದ್ದು 17,500 ಕೋಟಿ. ಆಗಸ್ಟ್‌ನಿಂದ ಮಾರ್ಚ್‌ವರೆಗೆ ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 2,190 ಕೋಟಿ, ಅಂದರೆ ಒಂದು ಕೋಟಿ ಒಂಬತ್ತು ಲಕ್ಷ ಹೆಂಗಸರಿಗೆ ಸಾಲುವಷ್ಟು. 2024-25ಕ್ಕೆ 28,608 ಕೋಟಿ, 2025-26ಕ್ಕೂ ಅಷ್ಟೇ. ಒಬ್ಬರಿಗೆ ವರ್ಷಕ್ಕೆ 24,000ದಂತೆ ಭಾಗಿಸಿದರೆ ಒಂದು ಕೋಟಿ ಹತ್ತೊಂಬತ್ತು ಲಕ್ಷ ಬರುತ್ತದೆ. ಎರಡನೇ ವರ್ಷದ ಅಂಕಿ ಮೂರನೇ ವರ್ಷಕ್ಕೂ ಕದಲಲಿಲ್ಲ ಎಂದರೆ ಹೊಸಬರು ಸೇರಿದಷ್ಟೂ ಹಳಬರು ಕಳಚಬೇಕು, ಇಲ್ಲವೇ ತಿಂಗಳು ಜಾರಬೇಕು.

ತಿಂಗಳುಗಳು ಜಾರಿದವು. ಒಂದೊಂದು ತಿಂಗಳಿಗೂ 2,400 ಕೋಟಿಯ ಹತ್ತಿರ ನಗದು ಬೇಕು. ಅದು ಖಜಾನೆಯಿಂದ ಯಾವ ದಿನ ಹೊರಬೀಳಬೇಕೆಂದು ನಿರ್ಧರಿಸುವುದು ಆರ್ಥಿಕ ಇಲಾಖೆ, ಆ ದಿನ ಯಾಕೆ ಬರಲಿಲ್ಲ ಎಂದು ಉತ್ತರಿಸುವುದು ಮಹಿಳಾ ಸಚಿವೆ. 2025ರ ಆರಂಭದಲ್ಲಿ ಪಾವತಿಯ ದಾರಿಯನ್ನೂ ಬದಲಿಸಿದರು. ರಾಜ್ಯಮಟ್ಟದಿಂದ ನೇರವಾಗಿ ಹಾಕುವ ಬದಲು ತಾಲ್ಲೂಕು ಪಂಚಾಯಿತಿಯ ಮೂಲಕ ಬಿಲ್ಲು ಮಾಡಿ ಹಾಕುವ ಕ್ರಮ. ಒಂದೇ ಬಿಲ್ಲಿನ ಜಾಗದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳ ಬಿಲ್ಲುಗಳು ಬಂದವು. ಪಕ್ಕದ ತಾಲ್ಲೂಕಿಗೆ ಬಂದಿದೆ, ನಮಗಿಲ್ಲ ಎಂಬ ದೂರು ಹುಟ್ಟಿದ್ದು ಆಗ. ಆ ಹಂತದಲ್ಲಿ ಸರ್ವರ್ ಸಮಸ್ಯೆ ಎಂದು ಹೇಳಿ ಕಳಿಸುವುದಕ್ಕಿಂತ ಬಿಲ್ಲು ಎಲ್ಲಿ ನಿಂತಿದೆ ಎಂದು ತಾಲ್ಲೂಕು ಕಚೇರಿಯ ಫಲಕದಲ್ಲಿ ಬರೆದಿದ್ದರೆ ಸಾಕಿತ್ತು.

ಬದಲಾವಣೆ ನಡೆದದ್ದೂ ಆರ್ಥಿಕ ವರ್ಷದ ಕೊನೆಯಲ್ಲಿ. ಮಾರ್ಚ್ 31 ದಾಟಿದರೆ ಆ ವರ್ಷದ ಅನುದಾನದ ಬಾಗಿಲು ಮುಚ್ಚುತ್ತದೆ, ಉಳಿದ ಬಾಕಿಗೆ ಮುಂದಿನ ವರ್ಷದಲ್ಲಿ ಮತ್ತೆ ಹಣ ಹುಡುಕಬೇಕು. ಏಪ್ರಿಲ್‌ನಿಂದ ಹೊಸ ವರ್ಷದ ಕಂತುಗಳು ಹೊರಟವು, 2025ರ ಫೆಬ್ರವರಿ ಮತ್ತು ಮಾರ್ಚ್ ಹಿಂದೆಯೇ ಉಳಿದವು. ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಇದು ಸ್ಫೋಟಿಸಿತು. ಆಗಸ್ಟ್‌ವರೆಗಿನ ಹಣ ಸಂದಾಯವಾಗಿದೆ ಎಂದು ಸದನಕ್ಕೆ ಕೊಟ್ಟ ಉತ್ತರವನ್ನು ವಿರೋಧ ಪಕ್ಷ ಪ್ರಶ್ನಿಸಿತು. ಆ ಎರಡು ತಿಂಗಳು ಬಂದಿಲ್ಲವೆಂಬುದು ಸಾಬೀತಾಗಿ ಸಚಿವೆ ವಿಷಾದ ವ್ಯಕ್ತಪಡಿಸಿದರು. ಸುಮಾರು 5,000 ಕೋಟಿಯ ಮಾತು ಅದು.

ನಡುವಿನ ಎರಡು ತಿಂಗಳ ಬಾಕಿ ಅಷ್ಟು ಕಾಲ ಚರ್ಚೆಗೆ ಬಾರದೆ ಉಳಿದದ್ದಕ್ಕೆ ಎಣಿಕೆಯ ಕ್ರಮವೂ ಒಂದು ಕಾರಣ. ಹಣ ಬಂದಾಗಲೆಲ್ಲ ಸುದ್ದಿಯಾಗುವುದು ಇಷ್ಟನೇ ಕಂತು ಎಂದೇ ಹೊರತು ಇಂಥ ತಿಂಗಳದು ಎಂದಲ್ಲ. ಪಾಸ್‌ಬುಕ್ಕಿನ ಸಾಲಿನಲ್ಲೂ ಜಮೆಯಾದ ದಿನಾಂಕ ಇರುತ್ತದೆ, ಯಾವ ತಿಂಗಳ ಬಾಬ್ತು ಎಂಬುದಿರುವುದಿಲ್ಲ. ಆದ್ದರಿಂದ ತಮ್ಮ ಬಾಕಿ ತಿಳಿಯಬೇಕಾದವರು ಕಂತಿನ ಸಂಖ್ಯೆ ಬಿಟ್ಟು ತಿಂಗಳುಗಳನ್ನೇ ಎಣಿಸಬೇಕು. 2023ರ ಆಗಸ್ಟ್‌ನಿಂದಲೇ ಹಣ ಪಡೆಯುತ್ತಿರುವವರಿಗೆ 2025ರ ಆಗಸ್ಟ್‌ವರೆಗೆ 25 ತಿಂಗಳು, 50,000 ರೂಪಾಯಿ. ಪಾಸ್‌ಬುಕ್ಕಿನ ಜಮೆಗಳ ಮೊತ್ತ 46,000 ಇದ್ದರೆ ಕಾಣೆಯಾದದ್ದು ಆ ಎರಡು ತಿಂಗಳು. ಅದಕ್ಕಿಂತ ಕಡಿಮೆ ಇದ್ದರೆ ತೊಡಕು ಖಜಾನೆಯದಲ್ಲ, ಅವರ ಚೀಟಿಯದೋ ಖಾತೆಯದೋ. ಮೇಲೆ ಹೇಳಿದ ಕ್ರಮದಲ್ಲಿ ಹುಡುಕಬೇಕು.